ದುಡ್ಡು ಕೇಳದವರನ್ನೂ ಪ್ರಶ್ನೆ ಕೇಳು

ಮಗಳೇ, ಶನಿವಾರ ರಾತ್ರಿ ಹೊರಟು ಭಾನುವಾರ ಸಂಜೆ ಬರುತ್ತೇನೆ ಅಂದೆಯಲ್ಲ. ನಾಗಲಾಪುರದ ಬೆಟ್ಟ, ಮುಖಪರಿಚಯವೂ ಇಲ್ಲದ ಇಪ್ಪತ್ತು ಜನ. ಕರೆದೊಯ್ಯುವವರು ಕಾಸು ತೆಗೆದುಕೊಳ್ಳುವುದಿಲ್ಲ, ಗಾಡಿ ಮತ್ತು ಊಟದ ಖರ್ಚು ಹಂಚಿಕೊಂಡರಾಯಿತು. ನಿಮ್ಮಮ್ಮನಿಗೆ ದಿಗಿಲು. ನನಗೆ ಮಾತ್ರ ನೀನು ಹೋಗಲೇಬೇಕು ಅನ್ನಿಸುತ್ತದೆ.

ನಾವು ಮದ್ರಾಸಿಗೆ ಬಂದಾಗ ಬೆಟ್ಟವೆಂದರೆ ಪರಂಗಿಮಲೆ, ಇಲ್ಲವೇ ತಿರುಕಳುಕುಂಡ್ರಂನ ಮೆಟ್ಟಿಲು. ಕೈಮುಗಿದು ಇಳಿದರೆ ಮುಗಿಯಿತು. ಮೆಟ್ಟಿಲಿಲ್ಲದ ಬೆಟ್ಟಕ್ಕೆ ಈ ಊರಿನ ಹುಡುಗರನ್ನು ಸಾಲುಸಾಲಾಗಿ ಹತ್ತಿಸಿದ್ದು 2008ರಲ್ಲಿ ಬೆಲ್ಜಿಯಂನ ಪೀಟರ್ ವಾನ್ ಗೈಟ್ ಶುರುಮಾಡಿದ ಚೆನ್ನೈ ಟ್ರೆಕ್ಕಿಂಗ್ ಕ್ಲಬ್. ಲಾಭದ ಆಸೆಯಿಲ್ಲದ ಸ್ವಯಂಸೇವಕರ ಕೂಟ. 2015ರ ಪ್ರವಾಹದಲ್ಲಿ ಪರಿಹಾರ ಕೆಲಸಕ್ಕೂ ಅವರು ಇಳಿದರು. ಬೆಟ್ಟದಲ್ಲಿ ಒಬ್ಬರಿಗೊಬ್ಬರು ಕೈಕೊಟ್ಟು ಬಂಡೆ ಹತ್ತಿಸಿದವರು ನೀರಿನಲ್ಲಿ ನಿಂತವರಿಗೂ ಕೈಕೊಡುತ್ತಾರೆ. ಇದು ದೊಡ್ಡ ಮಾತು.

ಆದರೆ 2018ರ ಮಾರ್ಚ್ 11 ನನಗೆ ಮರೆಯುವುದಿಲ್ಲ. ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚು. ಅಲ್ಲಿ ಸಿಕ್ಕಿಕೊಂಡವರಲ್ಲಿ ನಮ್ಮ ಚೆನ್ನೈಯಿಂದ ಹೋದ ಗುಂಪೂ ಇತ್ತು. 20ಕ್ಕೂ ಹೆಚ್ಚು ಜನ ತೀರಿಕೊಂಡರು, ಹೆಚ್ಚಿನವರು ನಿನ್ನ ವಯಸ್ಸಿನವರೇ. ಮಾರ್ಚಿನಲ್ಲಿ ಆ ಬೆಟ್ಟದ ಹುಲ್ಲು ಎದೆಯೆತ್ತರ ಒಣಗಿ ನಿಂತಿರುತ್ತದೆ. ಕೆಳಗಿನ ಬೆಂಕಿಯ ಕಾವು ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿಬಿಡುವುದರಿಂದ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿಯೇ ಓಡುತ್ತದೆ, ಮನುಷ್ಯನಿಗಿಂತ ಬೇಗ. ಬೆಂಕಿ ಕೆಳಗಿದ್ದಾಗ ಮೇಲಕ್ಕೆ ಓಡಬಾರದು. ಪಕ್ಕಕ್ಕೆ ಸರಿದು ಹುಲ್ಲಿಲ್ಲದ ಬಂಡೆಯನ್ನೋ ಆಗಲೇ ಸುಟ್ಟುಹೋದ ನೆಲವನ್ನೋ ಸೇರಿಕೊಳ್ಳಬೇಕು. ನೈಲಾನ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ, ಬೇಸಿಗೆಯಲ್ಲಿ ಹತ್ತಿಯದನ್ನೇ ಹಾಕು.

ಅದೇ ವರ್ಷ ತಮಿಳುನಾಡು ಸರ್ಕಾರ ಚಾರಣಕ್ಕೆ ನಿಯಮಗಳನ್ನು ತಂದಿತು. 2024ರ ಅಕ್ಟೋಬರ್‌ನಲ್ಲಿ 40 ದಾರಿಗಳನ್ನು ಗುರುತಿಸಿ, ಸ್ಥಳೀಯ ಬುಡಕಟ್ಟಿನ ಯುವಕರಿಗೆ ತರಬೇತಿ ಕೊಟ್ಟು, ಶುಲ್ಕ ಗೊತ್ತುಮಾಡಿ ಬೆಟ್ಟ ತೆರೆಯಿತು. ಆ ದಾರಿಗೆ ದುಡ್ಡು ಕೊಡಬೇಕು, ನಿಜ. ಆದರೆ ಆ ಕಾಡಿನಲ್ಲೇ ಹುಟ್ಟಿದವನು ಮುಂದೆ ನಡೆಯುತ್ತಾನೆ.

ಪುಕ್ಕಟೆ ಕರೆದೊಯ್ಯುವವರ ಮುಂದೆ ನಮಗೆ ದಾಕ್ಷಿಣ್ಯ ಜಾಸ್ತಿ. ಪಾಪ, ಅವರೇ ಬಿಡುವು ಮಾಡಿಕೊಂಡು ಬಂದಿದ್ದಾರೆ, ಏನು ಕೇಳುವುದು ಅಂತ. ನಾನೂ ಹಾಗೇ ಬಾಯಿ ಮುಚ್ಚಿಕೊಂಡಿದ್ದೆ. ಒಮ್ಮೆ ನಮ್ಮ ಗುಂಪಿನ ಮುಂದಿನವರು ತೊರೆ ದಾಟಿ ಮರೆಯಾದರು, ಹಿಂದೆ ಕಾಲು ಉಳುಕಿದ ಹುಡುಗಿಯ ಜೊತೆ ನಾನೊಬ್ಬನೇ. ಕತ್ತಲಾಯಿತು, ಒಂದೇ ಟಾರ್ಚು. ಕೊನೆಯವರ ಹಿಂದೆ ಯಾರಿರುತ್ತಾರೆ ಎಂದು ಬೆಳಿಗ್ಗೆ ಒಬ್ಬರಾದರೂ ಕೇಳಿರಲಿಲ್ಲ. ಮೂರು ತಾಸು ಕುಂಟಿಕೊಂಡು ಇಳಿದೆವು.

ಆದ್ದರಿಂದ ಕೇಳು. ಅರಣ್ಯ ಇಲಾಖೆಯ ಅನುಮತಿ ಎಲ್ಲಿ? ನಾಗಲಾಪುರ ಆಂಧ್ರಕ್ಕೆ ಸೇರಿದ್ದು, ತಮಿಳುನಾಡಿನ ಚೀಟಿ ಅಲ್ಲಿ ನಡೆಯುವುದಿಲ್ಲ. ಈ ದಾರಿಯನ್ನು ಇದೇ ಕಾಲದಲ್ಲಿ ಹಿಂದೆ ನಡೆದವರು ಯಾರು? ಕಟ್ಟಕಡೆಗೆ ಯಾರು ಬರುತ್ತಾರೆ? ಉತ್ತರ ಕೊಡದೆ ಮುಖ ಸಿಂಡರಿಸಿದರೆ ಗಾಡಿ ಹತ್ತಬೇಡ. ಉತ್ತರ ಕೊಟ್ಟರೆ, ಅಲ್ಲಿಂದಾಚೆ ಅವರ ಮಾತು ಮೀರಬೇಡ. ವಾಪಸ್ ಅಂದರೆ ವಾಪಸ್, ತುದಿ ಕಣ್ಣಿಗೆ ಕಾಣುತ್ತಿದ್ದರೂ ಸರಿ. ಹಿಂಗಾರು ಮುಗಿದ ಮೇಲೆ ಅಲ್ಲಿನ ಮಡುಗಳು ತುಂಬಿ ಹಸಿರಾಗಿ ಕರೆಯುತ್ತವೆ. ಈಜು ಬಾರದ ನೀನು ದಡದಲ್ಲೇ ಕಾಲು ಇಳಿಬಿಟ್ಟು ಕೂತುಕೋ.

ಮೊಸರನ್ನದ ಡಬ್ಬಿ ಖಾಲಿಯಾದ ಮೇಲೂ ಅದು ನಿನ್ನ ಚೀಲದಲ್ಲೇ ವಾಪಸ್ ಬರಲಿ. ದಾರಿ ತೋರಿಸುವವರ ಫೋನ್ ನಂಬರು, ಹೋಗುವ ದಾರಿ, ಇಳಿಯುವ ಹೊತ್ತು, ಇಷ್ಟನ್ನು ಕಾಗದದಲ್ಲಿ ಬರೆದು ಅಮ್ಮನ ಕೈಗೆ ಕೊಟ್ಟು ಹೊರಡು.