ಕ್ಲಚ್ ಕೇಬಲ್ ಯಾಕೆ ಬಿಸಿಯಾಯಿತು?

ಹಳೆಯ ಕಾರಿನಲ್ಲಿ ಪೂರ್ತಿ ಕೆಟ್ಟ ಭಾಗವನ್ನು ಹುಡುಕುವುದು ಅಂಥ ಕಷ್ಟವಲ್ಲ. ಒಂದು ದಿನ ಕಾಡಿ ಮರುದಿನ ಸುಮ್ಮನಿರುವ ವಯರಿಂಗ್ ದೋಷವೇ ಕಷ್ಟ. ಗ್ಯಾರೇಜಿಗೆ ಒಯ್ದಾಗ ಎಲ್ಲವೂ ಸರಿಯಿರುತ್ತದೆ, ಮನೆಗೆ ಬಂದರೆ ಮತ್ತೆ ಅದೇ ರಗಳೆ. ತೀರ್ಥಹಳ್ಳಿಯ ಮಳೆಗಾಲದಲ್ಲಿ ನಮ್ಮ ಸಣ್ಣ ಪೆಟ್ರೋಲ್ ಕಾರು ನನಗೆ ಕಲಿಸಿದ್ದು ಇದನ್ನೇ: ಬಂದು ಹೋಗುವ ದೋಷವನ್ನು ಅದು ಬಂದಿರುವಾಗಲೇ ಅಳೆಯಬೇಕು.

ತೊಂದರೆ ಎರಡು ಬಗೆಯದು. ಕೆಲವು ಸಲ ಕೀ ತಿರುಗಿಸಿದರೆ ‘ಟಕ್’ ಎಂಬ ಸದ್ದು ಮಾತ್ರ, ಸೆಲ್ಫ್ ಹೊಡೆಯುತ್ತಿರಲಿಲ್ಲ. ಸಂಜೆ ಓಡಿಸುವಾಗ ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು, ಲೈಟ್ ಆರಿಸಿದ ತಕ್ಷಣ ಇಳಿಯುತ್ತಿತ್ತು. ರೇಡಿಯೇಟರಿನ ನೀರು ಅಷ್ಟು ಬೇಗ ಕಾಯುವುದೂ ಇಲ್ಲ, ತಣಿಯುವುದೂ ಇಲ್ಲ. ಹಾಗಾಗಿ ಎಂಜಿನ್ ಕಾದಿಲ್ಲ, ಮುಳ್ಳು ತಪ್ಪು ತೋರಿಸುತ್ತಿದೆ ಎಂಬುದು ಖಚಿತವಾಯಿತು.

ಬ್ಯಾಟರಿ ಬದಲಿಸಿ ಎಂದರು ಒಬ್ಬರು, ಸೆಲ್ಫ್ ಮೋಟರ್ ಬಿಚ್ಚಿಸಿ ಎಂದರು ಇನ್ನೊಬ್ಬರು. ಕಾರು ನಿಂತಿರುವಾಗ ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು, ಅಂದರೆ ಪೂರ್ತಿ ಚಾರ್ಜ್ ಇತ್ತು. ನಾನು ಕಾರಿನಲ್ಲೊಂದು ನೋಟ್‌ಬುಕ್ ಇಟ್ಟುಕೊಂಡು, ತೊಂದರೆ ಬಂದಾಗಲೆಲ್ಲ ಮಳೆ ಇತ್ತೇ, ಎಂಜಿನ್ ಬಿಸಿಯಿತ್ತೇ, ಯಾವ ಸ್ವಿಚ್ ಆನ್ ಇತ್ತು ಎಂದು ಬರೆದೆ. ಒದ್ದೆ ದಿನಗಳಲ್ಲಿ ಕಾಟ ಹೆಚ್ಚು, ಲೋಡ್ ಹೆಚ್ಚಿದಷ್ಟೂ ಹೆಚ್ಚು ಎಂಬುದು ಆ ಪುಟಗಳಲ್ಲಿ ಎದ್ದು ಕಂಡಿತು.

ಅದನ್ನು ಓದಿದ ನಮ್ಮೂರಿನ ಹಿರಿಯ ಆಟೊ ಎಲೆಕ್ಟ್ರಿಷಿಯನ್ ನನ್ನಿಂದ ಎರಡು ಮೂರು ಸಲ ಸೆಲ್ಫ್ ಹೊಡೆಸಿದರು. ಆಮೇಲೆ, “ಮೇಷ್ಟ್ರೇ, ಇಲ್ಲಿ ಬನ್ನಿ. ಈ ಕ್ಲಚ್ ಕೇಬಲ್ ಮುಟ್ಟಿ ನೋಡಿ” ಎಂದರು. ಬೆರಳಿಟ್ಟೆ, ಬೆಚ್ಚಗಿತ್ತು. ಎಂಜಿನ್ ಇನ್ನೂ ತಣ್ಣಗೇ ಇತ್ತು!

ಕಾರಣ ಸರಳ. ಬ್ಯಾಟರಿಯ ನೆಗೆಟಿವ್ ತಂತಿ ಬಾಡಿಗೆ ಸೇರಿತ್ತು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಆದ್ದರಿಂದ ಎಂಜಿನ್ನಿಗೂ ಬಾಡಿಗೂ ನಡುವೆ ತಾಮ್ರದ ಎಳೆಗಳನ್ನು ಹೆಣೆದ ದಪ್ಪ ಅರ್ತಿಂಗ್ ಪಟ್ಟಿ ಇರುತ್ತದೆ. ಅದು ಹಾಳಾದರೆ ಸೆಲ್ಫ್ ಮೋಟರಿನ ಕರೆಂಟು ಹತ್ತಿರದ ಕ್ಲಚ್ ಕೇಬಲ್ಲಿನ ಉಕ್ಕಿನ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಓಡುವಾಗ ಹೆಡ್‌ಲೈಟಿನ ಕರೆಂಟು ಆಲ್ಟರ್ನೇಟರಿಗೆ ಮರಳಬೇಕಾದ್ದೂ ಇದೇ ಪಟ್ಟಿಯಲ್ಲಿ. ಅಲ್ಲಿ ತಡೆಯಿದ್ದರೆ ಎಂಜಿನ್ನಿನ ಮೇಲಿರುವ ಟೆಂಪರೇಚರ್ ಸೆನ್ಸರಿನ ಲೆಕ್ಕ ತಪ್ಪಿ ಮುಳ್ಳು ಏರುತ್ತದೆ. ಎರಡು ತೊಂದರೆಗೂ ಮೂಲ ಒಂದೇ.

ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಪಟ್ಟಿಯನ್ನು ಅಳೆದರೆ ಸೊನ್ನೆಯ ಆಸುಪಾಸೇ ತೋರಿಸಿತು. ಮೀಟರ್ ಹರಿಸುವ ಕರೆಂಟು ತೀರಾ ಚಿಕ್ಕದು, ಅದಕ್ಕೆ ಒಂದೇ ಎಳೆ ಉಳಿದಿದ್ದರೂ ಸಾಕು. ಸೆಲ್ಫ್ ಮೋಟರಿಗೆ ನೂರು ಆಂಪಿಯರ್ ಹರಿಯುವಾಗ 0.02 ಓಮ್ ತಡೆಯೇ 2 ವೋಲ್ಟನ್ನು ನುಂಗುತ್ತದೆ. ಹಾಗಾಗಿ ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಒತ್ತಿ ಹಿಡಿದು ಸೆಲ್ಫ್ ಹೊಡೆಸಿದೆವು. 0.2 ವೋಲ್ಟಿನೊಳಗೆ ಇರಬೇಕಾದದ್ದು 2 ದಾಟಿತು. ಅದೇ ಎರಡು ಜಾಗಗಳಿಗೆ ಜಂಪರ್ ಕೇಬಲ್ ಹಾಕಿದ ಕೂಡಲೇ ಎಂಜಿನ್ ಸ್ಟಾರ್ಟ್ ಆಯಿತು.

ಬಿಚ್ಚಿದಾಗ ಪಟ್ಟಿ ಹೊರಗಿನಿಂದ ಚೆನ್ನಾಗಿಯೇ ಇತ್ತು. ತುದಿಯ ಲಗ್ಗಿನೊಳಗೆ ಮಾತ್ರ ಹಸಿರು ಕಿಲುಬು ಹಿಡಿದು ಬಹುಪಾಲು ಎಳೆಗಳು ತುಂಡಾಗಿದ್ದವು. ಎಂಜಿನ್ ಅಲುಗಿದಂತೆ ಅವು ಒಮ್ಮೆ ತಾಗುತ್ತಿದ್ದವು, ಒಮ್ಮೆ ಬಿಡುತ್ತಿದ್ದವು. ಹೊಸ ಪಟ್ಟಿ ತಂದು, ಬೋಲ್ಟ್ ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಮತ್ತೆ ಅಳೆದಾಗ 0.1 ವೋಲ್ಟ್.

ಹಳೆಯ ಕಾರು ಇಟ್ಟುಕೊಂಡವರಿಗೆ ನನ್ನ ಮಾತು ಇಷ್ಟೇ. ಯಾವುದೇ ಭಾಗ ಹೋಗಿದೆ ಎಂದು ಯಾರಾದರೂ ಹೇಳಿದರೆ, ಯಾವ ಅಳತೆಯಿಂದ ಗೊತ್ತಾಯಿತು ಎಂದು ಕೇಳಿ. ರಿಪೇರಿ ಆದ ಮೇಲೆ ಅದೇ ಅಳತೆಯನ್ನು ಅದೇ ಲೋಡಿನಲ್ಲಿ ಇನ್ನೊಮ್ಮೆ ತೆಗೆಸಿ. ಆ ಎರಡು ಅಂಕಿಗಳು ಕೈಯಲ್ಲಿದ್ದರೆ ಮಾತ್ರ ದೋಷ ಹೋಗಿದೆ ಎಂದು ನಂಬಬಹುದು.