ಮೀನುತೊಟ್ಟಿಯ ಸ್ಪಂಜು

ವಿಶ್ವನಾಥ ಗಲ್ಲಿಯ ಬಾಡಿಗೆ ಕೋಣೆಯಲ್ಲಿ ಸಮುದ್ರದ ಮೀನು ಸಾಕಬಯಸುವ ಕರಾವಳಿಯ ಬಂಧುಗಳು ಗಮನಿಸಬೇಕು. ಇಲ್ಲಿ ಕಡಲಿಲ್ಲ, ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪು (ಅಡಿಗೆಯದಲ್ಲ) ಬೆರೆಸಿಯೇ ನೀರು ಮಾಡಿಕೊಳ್ಳಬೇಕು. ಅದನ್ನು ಕಾಯುವುದು ಸ್ಪಂಜು. ಪಂಪು ತಳ್ಳಿದ ನೀರಿನ ಕಸ, ಮಲ, ಉಳಿದ ಆಹಾರ ಅದರಲ್ಲಿ ಸಿಕ್ಕಿ, ನೀರು ತಿಳಿಯಾಗಿ ಕಾಣುತ್ತದೆ. ಆದರೆ ಕಸ ತೊಟ್ಟಿಯನ್ನು ಬಿಟ್ಟುಹೋಗಿಲ್ಲ! ಕಾಫಿ ಸೋಸಿದ ಬಟ್ಟೆಯ ಚರಟದ ಮೇಲೆ ಮತ್ತೆ ನೀರು ಸುರಿದರೆ ಬಣ್ಣ ಇಳಿಯುವುದಿಲ್ಲವೇ? ಹಾಗೆಯೇ ಸ್ಪಂಜಿನಲ್ಲಿ ಕೊಳೆತದ್ದು ಅಮೋನಿಯವಾಗಿ ಇಳಿದು ಮೀನಿನ ಕಿವಿರನ್ನು ಸುಡುತ್ತದೆ. ಆದುದರಿಂದ ಎರಡು ಮೂರು ದಿನಕ್ಕೊಮ್ಮೆ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅದನ್ನು ಹಿಂಡತಕ್ಕದ್ದು. ಸಾಬೂನು ಸರ್ವಥಾ ಕೂಡದು. ರಜೆಗೆ ಊರಿಗೆ ಹೊರಡುವಾಗ ಪಕ್ಕದ ಕೋಣೆಯವರಿಗೆ ಆಹಾರ ಹಾಕುವುದನ್ನಷ್ಟೇ ಹೇಳಿ ಹೋಗುವವರುಂಟು. ಸ್ಪಂಜು ಹಿಂಡುವುದನ್ನೂ ಒಮ್ಮೆ ಮಾಡಿ ತೋರಿಸಿ ಹೋಗಿ.