ಕಿಟಕಿಯ ಅಳತೆ

ಬೇಸಗೆಯ ಇಳಿಹೊತ್ತಿನಲ್ಲಿ ಪಡುವಣ ಕಿಟಕಿಯಿಂದ ನುಗ್ಗುವ ಬಿಸಿಲನ್ನು ತಡೆಯಲು ಹಿಂದೆ ಬಿದಿರಿನ ತೆರೆಯನ್ನೋ ಲಾವಂಚದ ತಟ್ಟಿಯನ್ನೋ ಕಟ್ಟುವುದು ವಾಡಿಕೆಯಾಗಿತ್ತು. ಈಗಿನ ಅನೇಕ ಮನೆಗಳಲ್ಲಿ ಆ ಸ್ಥಾನಕ್ಕೆ ಬ್ಲೈಂಡುಗಳು ಬಂದಿವೆ. ಇವುಗಳಲ್ಲಿ ಕೊಳವೆಗೆ ಬಟ್ಟೆ ಸುತ್ತಿಕೊಳ್ಳುವ ರೋಲರ್ ಬ್ಲೈಂಡು ಒಂದು ಬಗೆ. ಅಡ್ಡಪಟ್ಟಿಗಳನ್ನು ಹಗ್ಗದಲ್ಲಿ ಪೋಣಿಸಿದ ವೆನಿಷಿಯನ್ ಬ್ಲೈಂಡು ಇನ್ನೊಂದು ಬಗೆ. ಎರಡನ್ನೂ ಕಿಟಕಿಯ ಅಳತೆ ಕೊಟ್ಟೇ ಮಾಡಿಸಬೇಕು. ಅಗಲವೊಂದು, ಎತ್ತರವೊಂದು, ಎರಡು ಸಂಖ್ಯೆಗಳನ್ನು ಬರೆದುಕೊಟ್ಟರೆ ಮುಗಿಯಿತಲ್ಲವೇ ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಇಷ್ಟರಿಂದಲೇ ಕೆಲಸ ಕೆಡುವುದುಂಟು.

ಬಟ್ಟೆಯ ಪರದೆ ಉದಾರಸ್ವಭಾವದ್ದು. ನಾಲ್ಕು ಇಂಚು ಹೆಚ್ಚಾದರೂ ನೆರಿಗೆಗಳಲ್ಲಿ ಅಡಗಿಹೋಗುತ್ತದೆ. ಬ್ಲೈಂಡಿನ ತಲೆಯಲ್ಲಿರುವುದಾದರೋ ಬಗ್ಗದ ಲೋಹದ ದಂಡ. ಅದು 5 ಮಿ.ಮೀ. ಹೆಚ್ಚಾದರೆ ಕಿಟಕಿಯ ತೆರಪಿನೊಳಕ್ಕೆ ಹೋಗುವುದೇ ಇಲ್ಲ, 20 ಮಿ.ಮೀ. ಕಡಿಮೆಯಾದರೆ ಅಂಚಿನಲ್ಲಿ ಬಿಸಿಲಿನ ಪಟ್ಟಿಯೊಂದು ದಿನವೂ ಕಣ್ಣಿಗೆ ಹೊಡೆಯುತ್ತದೆ. ಅಳತೆಗೆ ಕತ್ತರಿಸಿದ ಸಾಮಾನನ್ನು ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಕಿಟಕಿಯ ತೆರಪು ಆಯತವೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಇಟ್ಟಿಗೆಯ ಮೇಲೆ ಮೇಸ್ತ್ರಿಯು ಕೈಯಿಂದ ಬಳಿದ ಗಾರೆಯ ಅಂಚು. ಗಾರೆ ಒಂದೆಡೆ ದಪ್ಪ, ಒಂದೆಡೆ ತೆಳುವು. ಒಂದು ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದಾಗ 1204, 1200, 1197 ಮಿ.ಮೀ. ಬಂದಿತೆನ್ನೋಣ. ಇವುಗಳಲ್ಲಿ ಯಾವುದು ನಿಜವಾದ ಅಗಲ? ಪ್ರಯೋಗಶಾಲೆಯಲ್ಲಿ ಪಳಗಿದ ವಿದ್ಯಾರ್ಥಿಯು ಕೂಡಲೇ ಸರಾಸರಿ ತೆಗೆದು 1200 ಎಂದಾನು. ಇಲ್ಲಿ ಸರಾಸರಿಯು ತಪ್ಪು. ತಂತಿಯ ವ್ಯಾಸವನ್ನು ಒಂದೇ ಸ್ಥಳದಲ್ಲಿ ಹತ್ತು ಸಲ ಅಳೆದಾಗ ಪರಿಮಾಣವು ಒಂದೇ. ವ್ಯತ್ಯಾಸವು ನಮ್ಮ ಓದಿನದು. ಆದುದರಿಂದ ಅಲ್ಲಿ ಸರಾಸರಿಗೆ ಅರ್ಥವಿದೆ. ಕಿಟಕಿಯ ಮೂರು ಅಗಲಗಳು ಒಂದೇ ಪರಿಮಾಣದ ಮೂರು ಓದುಗಳಲ್ಲ, ಮೂರು ಬೇರೆ ಬೇರೆ ಪರಿಮಾಣಗಳು. ತೆರಪಿನೊಳಗೆ ಕೂರಬೇಕಾದ ಬ್ಲೈಂಡಿಗೆ ಅತ್ಯಂತ ಚಿಕ್ಕದಾದ 1197 ಒಂದೇ ಪ್ರಮಾಣ. ತೆರಪನ್ನು ಹೊರಗಿನಿಂದ ಮುಚ್ಚಬೇಕಾದ ಬ್ಲೈಂಡಿಗೆ ಅತ್ಯಂತ ದೊಡ್ಡದಾದ 1204 ಪ್ರಮಾಣ. ಪ್ರಶ್ನೆ ಯಾವುದೆಂಬುದನ್ನು ತಿಳಿಯದೆ ಅಳತೆಯಿಂದ ಉತ್ತರವನ್ನು ಆರಿಸಲಾಗದು.

ಮೂರು ಅಗಲಗಳೂ ಸರಿಯಾಗಿ 1200 ಎಂದೇ ಬಂದರೆ ನಿಶ್ಚಿಂತೆಯೇ? ಅದೂ ಇಲ್ಲ. ತೆರಪಿನ ಎರಡು ಪಕ್ಕಗಳೂ ಒಂದೇ ದಿಕ್ಕಿಗೆ ವಾಲಿರಬಹುದು. ಮೇಲಂಚೂ ಕೆಳಗಿನ ಕಟ್ಟೆಯೂ ಮಟ್ಟವಾಗಿದ್ದು, 1500 ಮಿ.ಮೀ. ಎತ್ತರದಲ್ಲಿ ಪಕ್ಕಗಳು 10 ಮಿ.ಮೀ. ಬಲಕ್ಕೆ ಸರಿದಿವೆ ಎಂದಿಟ್ಟುಕೊಳ್ಳಿ. ಎಲ್ಲಿ ಅಳೆದರೂ ಅಗಲ 1200 ಮಿ.ಮೀ. ಆದರೆ ಬ್ಲೈಂಡು ನೇರವಾಗಿ ತೂಗಬೇಕಾದ ವಸ್ತು. ಅದಕ್ಕೆ ಮೇಲಿನಿಂದ ಕೆಳಗಿನವರೆಗೆ ದೊರೆಯುವ ತಡೆಯಿಲ್ಲದ ಜಾಗ 1190 ಮಿ.ಮೀ. ಮಾತ್ರ.

ಈ ವಾಲುವಿಕೆಯನ್ನು ಕರ್ಣಗಳು ಹೊರಗೆಡಹುತ್ತವೆ. ಪೈಥಾಗೊರಸನ ಪ್ರಮೇಯದಂತೆ ಒಂದು ಕರ್ಣದ ವರ್ಗವು 1210, 1500ಗಳ ವರ್ಗಗಳ ಮೊತ್ತ. ಇನ್ನೊಂದರ ವರ್ಗವು 1190, 1500ಗಳ ವರ್ಗಗಳ ಮೊತ್ತ. ಲೆಕ್ಕ ಮಾಡಿದರೆ ಮೊದಲನೆಯ ಕರ್ಣ 1927, ಎರಡನೆಯದು 1915 ಮಿ.ಮೀ. ಬರುತ್ತದೆ. ವ್ಯತ್ಯಾಸ 12 ಮಿ.ಮೀ.; ಸಾಮಾನ್ಯ ಟೇಪಿನಲ್ಲಿಯೂ ಎದ್ದು ಕಾಣುವಷ್ಟು. ಹಿಂದುಮುಂದಾಗಿಯೂ ಲೆಕ್ಕ ಹಾಕಬಹುದು. ಕರ್ಣಗಳ ವರ್ಗಗಳನ್ನು ಒಂದರಿಂದೊಂದು ಕಳೆದಾಗ ಎತ್ತರವು ಮಾಯವಾಗಿ, ಅಗಲ ಮತ್ತು ವಾಲುಗಳ ಗುಣಲಬ್ಧದ ನಾಲ್ಕರಷ್ಟು ಉಳಿಯುತ್ತದೆ. ಆದುದರಿಂದ ಕರ್ಣಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಗುಣಿಸಿ, ಅಗಲದ ನಾಲ್ಕರಷ್ಟರಿಂದ ಭಾಗಿಸಿದರೆ ವಾಲು ದೊರೆಯುತ್ತದೆ. ನಮ್ಮ ಉದಾಹರಣೆಯಲ್ಲಿ 12ನ್ನು 3842ರಿಂದ ಗುಣಿಸಿ 4800ರಿಂದ ಭಾಗಿಸಿದರೆ 9.6. ಕರ್ಣಗಳನ್ನು ಪೂರ್ಣ ಮಿಲಿಮೀಟರಿಗೆ ಓದಿದ್ದರಿಂದ ಹತ್ತು ಬರುವ ಬದಲು ಇಷ್ಟು ಬಂದಿತು.

ಹಾಗಾದರೆ ಕರ್ಣಗಳನ್ನು ಮಾತ್ರ ಅಳೆದರೆ ಸಾಲದೇ? ಸಾಲದು. ಅಗಲವು ಮೇಲೆ 1194, ಕೆಳಗೆ 1206 ಇದ್ದು ಎರಡು ಪಕ್ಕಗಳೂ ಸಮನಾಗಿ ಓರೆಯಾಗಿದ್ದರೆ ಎರಡು ಕರ್ಣಗಳೂ 1921 ಮಿ.ಮೀ. ಆಗಿ ಸರಿಸಮ ಬರುತ್ತವೆ. ಕಿಟಕಿ ಮಾತ್ರ ಆಯತವಲ್ಲ. ಕರ್ಣಗಳು ಮುಚ್ಚಿಡುವ ದೋಷವನ್ನು ಅಗಲಗಳು ಹೇಳುತ್ತವೆ; ಅಗಲಗಳು ಮುಚ್ಚಿಡುವುದನ್ನು ಕರ್ಣಗಳು ಹೇಳುತ್ತವೆ.

ಟೇಪಿನಿಂದ ಎಂದಿಗೂ ಗೊತ್ತಾಗದ ದೋಷವೂ ಒಂದಿದೆ. ನಿರ್ದೋಷವಾದ ಆಯತವನ್ನೇ ಸ್ವಲ್ಪ ತಿರುಗಿಸಿ ಗೋಡೆಯಲ್ಲಿ ಕೂರಿಸಿದರೆ ಅಗಲ, ಎತ್ತರ, ಕರ್ಣ ಯಾವುದೂ ಬದಲಾಗುವುದಿಲ್ಲ. ಕಟ್ಟೆಯ ಒಂದು ತುದಿ ಇನ್ನೊಂದಕ್ಕಿಂತ 8 ಮಿ.ಮೀ. ಮೇಲಿದ್ದರೆ ಇಂತಹ ಕಿಟಕಿಯ ಪಕ್ಕಗಳು 10 ಮಿ.ಮೀ. ವಾಲಿರುತ್ತವೆ. ದಿಕ್ಕನ್ನು ತಿಳಿಸಬಲ್ಲದ್ದು ಗುರುತ್ವವೊಂದೇ. ಮೇಸ್ತ್ರಿಯ ತೂಗುಗುಂಡು, ರಸಮಟ್ಟಗಳು ಇಲ್ಲಿ ಅನಿವಾರ್ಯ. ಇಲ್ಲದಿದ್ದರೆ ದಾರಕ್ಕೆ ಬೀಗದ ಕೈಯೊಂದನ್ನು ಕಟ್ಟಿ ಮೇಲಿನ ಮೂಲೆಯಿಂದ ಇಳಿಬಿಟ್ಟರೂ ಸಾಕು. ರೋಲರ್ ಬ್ಲೈಂಡಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಕೊಳವೆ ಮಟ್ಟವಾಗಿಲ್ಲದಿದ್ದರೆ ಸುತ್ತಿಕೊಳ್ಳುವ ಬಟ್ಟೆಯು ಒಂದು ಪಕ್ಕಕ್ಕೆ ಸರಿಯುತ್ತ ಹೋಗಿ ಅಂಚು ಸವೆಯುತ್ತದೆ.

ಇನ್ನು ಟೇಪಿನ ವಿಚಾರ. ಉಕ್ಕಿನ ಟೇಪು ಬಿಸಿಲಿಗೆ ಹಿಗ್ಗುವುದು ನಿಜ. ಆದರೆ ಒಂದೂವರೆ ಮೀಟರು ಟೇಪು 15 ಡಿಗ್ರಿ ಸೆಲ್ಸಿಯಸ್ ಕಾದರೂ ಹಿಗ್ಗುವುದು ಕಾಲು ಮಿಲಿಮೀಟರು. ಅದನ್ನು ಮರೆತುಬಿಡಬಹುದು. ಮರೆಯಬಾರದ್ದು ಓರೆ ಮತ್ತು ಜೋಲು. 1200 ಮಿ.ಮೀ. ಅಗಲದಲ್ಲಿ ಟೇಪಿನ ಒಂದು ತುದಿ 30 ಮಿ.ಮೀ. ಮೇಲಾದರೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ತಪ್ಪು, 100 ಮಿ.ಮೀ. ಮೇಲಾದರೆ 4 ಮಿ.ಮೀ. ತಪ್ಪು. ಓರೆಯಿರಲಿ ಜೋಲಿರಲಿ, ಓದನ್ನು ಹೆಚ್ಚಿಸುತ್ತವೆಯೇ ಹೊರತು ಎಂದಿಗೂ ಕಡಿಮೆ ಮಾಡುವುದಿಲ್ಲ. ಹಾಗಾಗಿ ಎಷ್ಟು ಸಲ ಅಳೆದರೂ ಇವು ಒಂದನ್ನೊಂದು ಅಳಿಸಿಹಾಕುವುದಿಲ್ಲ. ಒಳಗೆ ಕೂರುವ ಬ್ಲೈಂಡಿಗೆ ಯಾವ ದಿಕ್ಕಿನ ತಪ್ಪು ಅಪಾಯವೋ ಅದೇ ದಿಕ್ಕಿಗೆ ತಳ್ಳುತ್ತವೆ.

ಟೇಪಿನ ತುದಿಯ ಕೊಕ್ಕೆ ತುಸು ಅಲುಗಾಡುವುದನ್ನು ನೋಡಿ, ಸಡಿಲವಾಗಿದೆಯೆಂದು ಬಡಿದು ಬಿಗಿಮಾಡುವವರಿದ್ದಾರೆ. ಹಾಗೆ ಮಾಡಬಾರದು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಅಳತೆಯು ಕೊಕ್ಕೆಯ ಒಳಮೈಯಿಂದ ಆರಂಭವಾಗಬೇಕು. ಗೋಡೆಗೆ ಒತ್ತಿದಾಗ ಹೊರಮೈಯಿಂದ. ಕೊಕ್ಕೆಯ ದಪ್ಪದಷ್ಟೇ ಸರಿದಾಟವನ್ನು ಅದಕ್ಕಾಗಿಯೇ ಇಟ್ಟಿರುತ್ತಾರೆ. ಇನ್ನೊಂದು ತುದಿಯಲ್ಲಿ ಟೇಪು ಮೂಲೆಗೆ ಬಗ್ಗಿ ನಿಲ್ಲುವುದರಿಂದ ಓದು ಅಂದಾಜಿನದಾಗುತ್ತದೆ. ಇದಕ್ಕಿಂತ ಉತ್ತಮವಾದ ಉಪಾಯವೊಂದುಂಟು. ಅಗಲಕ್ಕಿಂತ ಗಿಡ್ಡನೆಯ ಎರಡು ನೇರ ಕೋಲುಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದು, ಹೊರತುದಿಗಳು ಎರಡು ಗೋಡೆಗಳನ್ನೂ ಮುಟ್ಟುವವರೆಗೆ ಸರಿಸಿ, ಎರಡರ ಮೇಲೂ ಹಾಯುವಂತೆ ಅಡ್ಡಗೆರೆ ಎಳೆಯಿರಿ. ಆಮೇಲೆ ಕೋಲುಗಳನ್ನು ಹೊರತಂದು, ಗೆರೆ ಕೂಡುವಂತೆ ಜೋಡಿಸಿ, ನೆಲದ ಮೇಲಿಟ್ಟು ನಿಧಾನವಾಗಿ ಅಳೆಯಬಹುದು.

ಭಾರತದಲ್ಲಿ ಮೆಟ್ರಿಕ್ ಪದ್ಧತಿಗೆ 1956ರಲ್ಲಿ ಕಾನೂನಾದರೂ ಅನೇಕ ಬಡಗಿಗಳ ಮಾತಿನಲ್ಲಿ ಇಂದಿಗೂ ಅಡಿ, ಇಂಚು, ನೂಲುಗಳೇ ಉಳಿದಿವೆ. ಇಂಚಿಗೆ ಎಂಟು ನೂಲು. ಒಂದು ನೂಲು 3 ಮಿ.ಮೀ.ಗಿಂತ ತುಸು ಹೆಚ್ಚು. ಬ್ಲೈಂಡಿನ ಕೆಲಸಕ್ಕೆ ಅಷ್ಟು ಒರಟಾದ ಮಾನ ಸಾಲದಾದ್ದರಿಂದ ಮಿಲಿಮೀಟರಿನಲ್ಲಿಯೇ ಬರೆಯುವುದು ಮೇಲು. ಅಗಲವನ್ನು ಮೊದಲು, ಎತ್ತರವನ್ನು ಆಮೇಲೆ ಬರೆದು, ಯಾವುದು ಯಾವುದೆಂದು ಹೆಸರನ್ನೂ ಸೇರಿಸಬೇಕು. ಕೊಟ್ಟದ್ದು ತೆರಪಿನ ಅಳತೆಯೋ ಬ್ಲೈಂಡಿನ ಅಳತೆಯೋ ಎಂಬುದನ್ನೂ ತಿಳಿಸಬೇಕು. ತೆರಪಿನ ಅಳತೆಯಾದರೆ ಆಡಲು ಬೇಕಾದ ಸಡಿಲನ್ನು ತಯಾರಕರೇ ಕಳೆಯುತ್ತಾರೆ. ನಾವೂ ಕಳೆದು ಅವರೂ ಕಳೆದರೆ ಬ್ಲೈಂಡು ಎರಡು ಸಲ ಗಿಡ್ಡವಾಗುತ್ತದೆ. ರೋಲರಿನಲ್ಲಿ ತುದಿಯ ಹಿಡಿಕೆಗಳಿಗೆ ಜಾಗ ಬೇಕಾದುದರಿಂದ ಬಟ್ಟೆಯು ಒಟ್ಟು ಅಗಲಕ್ಕಿಂತ ಸುಮಾರು 3ರಿಂದ 4 ಸೆಂ.ಮೀ. ಕಿರಿದಾಗಿರುತ್ತದೆ.

ಎತ್ತರದಲ್ಲಿ ಇಷ್ಟು ಬಿಗಿ ಬೇಡ. ರೋಲರಿನ ಹೆಚ್ಚುವರಿ ಬಟ್ಟೆ ಕೊಳವೆಯ ಮೇಲೆಯೇ ಉಳಿಯುತ್ತದೆ. ಆಳವನ್ನು ಮಾತ್ರ ಅಳೆಯಲು ಮರೆಯಬಾರದು. ನಮ್ಮ ಕಿಟಕಿಗಳಲ್ಲಿ ಸರಳು, ಸೊಳ್ಳೆಬಲೆ, ಚಿಲಕಗಳು ಒಳಕ್ಕೆ ಚಾಚಿಕೊಂಡಿರುವುದುಂಟು, 50 ಮಿ.ಮೀ. ಅಗಲದ ಪಟ್ಟಿ ಅಡ್ಡಲಾಗಿ ತಿರುಗಿದಾಗ ಚಿಲಕಕ್ಕೆ ತಗಲುವುದಾದರೆ ಬ್ಲೈಂಡು ಇದ್ದೂ ನಿಷ್ಪ್ರಯೋಜಕ. ಕದ ಒಳಕ್ಕೆ ತೆರೆಯುವ ಕಿಟಕಿಗೆ ಹೊರಗೋಡೆಯ ಜೋಡಣೆಯೇ ಗತಿ. ಅಲ್ಲಿ ಅತಿ ದೊಡ್ಡ ಅಗಲಕ್ಕೆ ಪ್ರತಿ ಪಕ್ಕದಲ್ಲಿಯೂ ಸುಮಾರು 75 ಮಿ.ಮೀ. ಸೇರಿಸಿದರೆ ಅಂಚಿನ ಬೆಳಕು ಬಹುಮಟ್ಟಿಗೆ ನಿಲ್ಲುತ್ತದೆ. ಜೊತೆಗೆ, ಎಳೆಯುವ ಹಗ್ಗದ ಉದ್ದವನ್ನೂ ಬರೆದುಕೊಡಿ. ಅದರ ಕುಣಿಕೆ ಚಿಕ್ಕ ಮಕ್ಕಳ ಕೊರಳಿಗೆ ಸಿಕ್ಕಿ ಪ್ರಾಣಾಪಾಯವಾದದ್ದುಂಟು. ಕುಣಿಕೆಯ ಕೆಳತುದಿ ನೆಲದಿಂದ ಒಂದೂವರೆ ಮೀಟರಿಗಿಂತ ಮೇಲಿರಬೇಕು, ಇಲ್ಲವೇ ಗೋಡೆಯ ಕೊಕ್ಕೆಗೆ ಬಿಗಿಯಾಗಿ ಸಿಕ್ಕಿಸುವಂತಿರಬೇಕು.